ಕಾರಿನ ಟಾಪಿನ ಮೇಲೆ ಕ್ಯಾರಿಯರ್: ಆಯ್ಕೆ, ಜೋಡಣೆ, ಹೇರಿಕೆ



ಕೊಯ್ಲಿನ ಕಾಲ ಬಂತೆಂದರೆ ಸಂಘದ ಅಂಗಳದಲ್ಲಿ ನಿಲ್ಲುವ ಕಾರುಗಳ ನೆತ್ತಿಯ ಮೇಲೆ ಏನಾದರೊಂದು ಇದ್ದೇ ಇರುತ್ತದೆ. ಮೆಣಸು ಕೊಯ್ಯುವ ಏಣಿ, ಅಡಿಕೆಯ ದೋಟಿ, ನೀರಿನ ಪೈಪು, ಕೆಲವೊಮ್ಮೆ ಕಾಫಿ ಮೂಟೆ. ಸಣ್ಣ ಹಿಡುವಳಿದಾರರ ಮನೆಯಲ್ಲಿ ಇರುವುದು ಒಂದೇ ವಾಹನ. ಮಕ್ಕಳ ಶಾಲೆಗೂ ಅದೇ, ಆಸ್ಪತ್ರೆಗೂ ಅದೇ, ತೋಟದ ಸಾಮಾನಿಗೂ ಅದೇ. ಆದುದರಿಂದ ಅದಕ್ಕೊಂದು ಕ್ಯಾರಿಯರ್ ಹಾಕಿಸಬೇಕೆಂಬ ಆಸೆ ಸಹಜ. ಆದರೆ ಅದನ್ನು ಹೇಗೆ ಆರಿಸಬೇಕು, ಹೇಗೆ ಕೂರಿಸಬೇಕು, ಅದರ ಮೇಲೆ ಏನು ಹೇರಬೇಕು ಎಂಬುದನ್ನು ನಾವು ಸಾಮಾನ್ಯವಾಗಿ ಗ್ಯಾರೇಜಿನವರ ತೀರ್ಮಾನಕ್ಕೆ ಬಿಟ್ಟುಬಿಡುತ್ತೇವೆ. ಈ ಪಾಠದ ಸಾರವನ್ನು ಮೊದಲಿಗೇ ಹೇಳಿಬಿಡುತ್ತೇನೆ: ಕ್ಯಾರಿಯರ್ ಇರುವುದು ಉದ್ದದ ಸಾಮಾನಿಗೆ, ಭಾರದ ಸಾಮಾನಿಗಲ್ಲ.

1. ಟಾಪು ಎಷ್ಟು ಹೊರಬಲ್ಲದು?

"ಐದು ಜನ ಕುಳಿತರೆ 350 ಕಿಲೋ ಹೊರುವ ಕಾರು, ಮೇಲೆ ಎರಡು ಮೂಟೆ ಹೊರಲಾರದೇ?" ಎಂಬುದು ಬಹಳ ಮಂದಿ ಕೇಳುವ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ತೋಟದಲ್ಲೇ ಇದೆ. ಕೊನೆಗಾರ ಅಡಿಕೆ ಮರದ ಬುಡಕ್ಕೆ ಒರಗಿ ನಿಂತರೆ ಮರ ಅಲುಗುವುದಿಲ್ಲ. ಅದೇ ಮನುಷ್ಯ ತುದಿಗೆ ಏರಿದಾಗ ಮರ ಹೇಗೆ ತೊನೆಯುತ್ತದೆಂದು ನಮಗೆಲ್ಲ ಗೊತ್ತು. ಆತನ ತೂಕ ಹೆಚ್ಚಾಗಲಿಲ್ಲ, ತೂಕ ಇರುವ ಎತ್ತರ ಹೆಚ್ಚಾಯಿತು.

ಇದನ್ನೇ ಲೆಕ್ಕ ಹಾಕಿ ನೋಡೋಣ. ಕಾರಿನ ತೂಕ 900 ಕಿಲೋ, ಅದರ ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳಿ. 50 ಕಿಲೋದ ಎರಡು ಕಾಫಿ ಮೂಟೆಗಳನ್ನು 160 ಸೆಂ.ಮೀ. ಎತ್ತರದಲ್ಲಿ ಟಾಪಿನ ಮೇಲೆ ಹೇರಿದಿರಿ. 900ನ್ನು 55ರಿಂದ ಗುಣಿಸಿದರೆ 49,500. 100ನ್ನು 160ರಿಂದ ಗುಣಿಸಿದರೆ 16,000. ಎರಡನ್ನೂ ಕೂಡಿ ಒಟ್ಟು ತೂಕವಾದ 1000ದಿಂದ ಭಾಗಿಸಿದರೆ 65.5 ಸೆಂ.ಮೀ. ಬರುತ್ತದೆ. ಕಾರಿಗೆ ಹೆಚ್ಚಾದ ತೂಕ ಒಂಬತ್ತರಲ್ಲಿ ಒಂದು ಪಾಲು, ಗುರುತ್ವ ಕೇಂದ್ರ ಏರಿದ್ದು ಐದರಲ್ಲಿ ಸುಮಾರು ಒಂದು ಪಾಲು. ಅದೇ ಎರಡು ಮೂಟೆಗಳನ್ನು 60 ಸೆಂ.ಮೀ. ಎತ್ತರದಲ್ಲಿ ಡಿಕ್ಕಿಯೊಳಗೆ ಇಟ್ಟಿದ್ದರೆ ಗುರುತ್ವ ಕೇಂದ್ರ ಏರುತ್ತಿದ್ದುದು ಕೇವಲ ಅರ್ಧ ಸೆಂ.ಮೀ.

ಸಮತಟ್ಟಾದ ನೇರ ರಸ್ತೆಯಲ್ಲಿ ಈ ವ್ಯತ್ಯಾಸ ತಿಳಿಯದೆ ಹೋಗಬಹುದು. ಆಗುಂಬೆ ಘಾಟಿಯ ತಿರುವುಗಳಲ್ಲಿ ಇಳಿಯುವಾಗ ತಿಳಿಯುತ್ತದೆ. ತಿರುವಿನಲ್ಲಿ ವಾಹನ ಹೊರಮಗ್ಗುಲಿಗೆ ವಾಲುತ್ತದೆ, ಹೊರಗಿನ ಚಕ್ರಗಳ ಮೇಲೆ ಭಾರ ಬೀಳುತ್ತದೆ, ಒಳಗಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಇದರ ಜೊತೆಗೆ ಮಳೆ, ಬ್ರೇಕು ಎರಡೂ ಸೇರಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಳಗೆ ಕುಳಿತಿರುವವರು ನಮ್ಮ ಮನೆಯವರೇ.

ಈ ಕಾರಣದಿಂದಲೇ ವಾಹನ ತಯಾರಿಸುವ ಕಂಪನಿಗಳು ಟಾಪಿನ ಭಾರಕ್ಕೆ ಪ್ರತ್ಯೇಕ ಮಿತಿಯನ್ನು ಗೊತ್ತುಪಡಿಸುತ್ತವೆ. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 50 ಕಿಲೋ ಆಸುಪಾಸು, ದೊಡ್ಡ ವಾಹನಗಳಲ್ಲಿ 75ರಿಂದ 100 ಕಿಲೋ. ನಿಮ್ಮ ವಾಹನದ ಕೈಪಿಡಿಯಲ್ಲಿ ಇರುವ ಅಂಕಿಯೇ ನಿಮಗೆ ಅಂತಿಮ. ಕೈಪಿಡಿಯಲ್ಲಿ ಸಿಗದಿದ್ದರೆ ಕಂಪನಿಯ ಸರ್ವೀಸ್ ಸ್ಟೇಷನ್ನಿನವರಿಂದ ಬರವಣಿಗೆಯಲ್ಲಿ ಪಡೆಯಿರಿ. ಇನ್ನೊಂದು ಮುಖ್ಯ ವಿಷಯ: ಕ್ಯಾರಿಯರಿನ ಸ್ವಂತ ತೂಕವೂ ಈ ಮಿತಿಯೊಳಗೇ ಸೇರಬೇಕು. ಮಿತಿ 50 ಕಿಲೋ, ಕಬ್ಬಿಣದ ಕ್ಯಾರಿಯರ್ 20 ಕಿಲೋ ಆದರೆ ಸಾಮಾನಿಗೆ ಉಳಿಯುವುದು 30 ಕಿಲೋ. ಒಂದು ಕಾಫಿ ಮೂಟೆಗೂ ಅದು ಸಾಲದು. ಅಡಿಕೆ ಮೂಟೆಯ ಮಾತಂತೂ ದೂರವೇ ಉಳಿಯಿತು.

2. ಕಾನೂನು ಮತ್ತು ವಿಮೆ

ಮೂಟೆಯನ್ನು ಕಾರಿನ ಮೇಲೆ ಹೇರಬಾರದು ಎನ್ನುವುದಕ್ಕೆ ಎರಡನೆಯ ಕಾರಣವೂ ಇದೆ. ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಒಂದು ಭಾಗ ಇರುತ್ತದೆ. ಸಣ್ಣ ಅಕ್ಷರದಲ್ಲಿ ಇರುವುದರಿಂದ ಅದನ್ನು ಓದುವವರು ಕಡಿಮೆ. ಬಾಡಿಗೆಗೆ ಓಡಿಸುವುದು ಮತ್ತು ಸರಕು ಸಾಗಿಸುವುದು ಈ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅಲ್ಲಿ ಬರೆದಿರುತ್ತದೆ. ವಿನಾಯಿತಿ ಇರುವುದು ಸ್ವಂತ ಲಗೇಜಿಗೆ ಮತ್ತು ಮಾದರಿ ವಸ್ತುಗಳಿಗೆ. ಮಂಡಿಗೆ ಹೊರಟ ಮೂಟೆ ಲಗೇಜೋ ಸರಕೋ ಎಂಬ ಚರ್ಚೆ, ಅಪಘಾತವಾಗಿ ಪರಿಹಾರಕ್ಕೆ ಅರ್ಜಿ ಹಾಕಿದ ದಿನ ಎದ್ದರೆ ನಷ್ಟ ನಮ್ಮದೇ. ಇಂದೇ ಪಾಲಿಸಿಯನ್ನು ತೆಗೆದು ಆ ಸಾಲನ್ನು ಓದಿ ನೋಡಿ.

1988ರ ಮೋಟಾರು ವಾಹನ ಕಾಯಿದೆಯ ಎರಡು ಕಲಮುಗಳನ್ನೂ ತಿಳಿದಿರಬೇಕು. ನೋಂದಣಿ ಪುಸ್ತಕದಲ್ಲಿ ನಮೂದಾಗಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 52ನೆಯ ಕಲಮು ಹೇಳುತ್ತದೆ. ಆದುದರಿಂದ ಟಾಪನ್ನು ಕೊರೆದು ಅಥವಾ ವೆಲ್ಡಿಂಗ್ ಮಾಡಿ ಕೂರಿಸುವುದು ಬೇಡ. ಬಿಚ್ಚಿ ತೆಗೆಯಬಹುದಾದ, ನಿಮ್ಮ ಮಾದರಿಗೆಂದೇ ತಯಾರಕರು ಒಪ್ಪಿದ ಕ್ಯಾರಿಯರನ್ನೇ ಕೊಳ್ಳಿ. ಬಿಲ್ಲನ್ನು ಜೋಪಾನವಾಗಿಡಿ. ಸಂಶಯವಿದ್ದರೆ ಹಾಕಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿ. ಇನ್ನು 2019ರ ತಿದ್ದುಪಡಿಯಿಂದ ಸೇರಿದ 194(1ಎ) ಕಲಮಿನಂತೆ, ಸಾಮಾನು ವಾಹನದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಮೇಲಕ್ಕೆ ಮಿತಿಮೀರಿ ಚಾಚಿದ್ದರೆ ದಂಡ 20,000 ರೂಪಾಯಿ. ಅದನ್ನು ಇಳಿಸುವ ಖರ್ಚೂ ನಮ್ಮದೇ.

3. ಯಾವ ಟಾಪಿಗೆ ಯಾವ ಕ್ಯಾರಿಯರ್?

ಅಂಗಡಿಗೆ ಹೋಗುವ ಮೊದಲು ನಿಮ್ಮ ಕಾರಿನ ಟಾಪನ್ನು ಚೆನ್ನಾಗಿ ನೋಡಿ. ಅದು ಈ ನಾಲ್ಕರಲ್ಲಿ ಒಂದಾಗಿರುತ್ತದೆ.

(ಅ) ದಂಬೆ ಇರುವ ಟಾಪು: ಮನೆಯ ಮಾಡಿನ ಅಂಚಿಗೆ ಅಡಿಕೆ ದಂಬೆ ಕಟ್ಟಿದಂತೆ, ಟಾಪಿನ ಎರಡೂ ಬದಿಗೆ ಮಳೆನೀರು ಹರಿಯುವ ತಗಡಿನ ಅಂಚು ಇರುತ್ತದೆ. ಅಂಬಾಸಿಡರ್, ಓಮ್ನಿ ಇವೆರಡೂ ಇಂಥವು. ಕ್ಯಾರಿಯರಿನ ಕಾಲು ಈ ಅಂಚಿನಲ್ಲಿ ಭದ್ರವಾಗಿ ಕೂರುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ, ಓಮ್ನಿ ತಯಾರಿಕೆ 2019ರಲ್ಲಿ ನಿಂತಿತು. ಇನ್ನೂ ಓಡುತ್ತಿರುವ ಹಳೆಯ ವಾಹನಗಳಲ್ಲಿ ಈ ಅಂಚು ತುಕ್ಕು ಹಿಡಿದಿದೆಯೇ ಎಂದು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಕ್ಯಾರಿಯರ್ ಬೇಡ.

(ಆ) ಉದ್ದದ ಕಂಬಿ ಇರುವ ಟಾಪು: ಎರಡೂ ಬದಿಗೆ ಹಿಂದಿನಿಂದ ಮುಂದಕ್ಕೆ ಕಂಬಿಗಳಿರುತ್ತವೆ. ಅವಕ್ಕೆ ಎರಡು ಅಡ್ಡಪಟ್ಟಿಗಳನ್ನು ಬಿಗಿದರಾಯಿತು. ಆದರೆ ಎಚ್ಚರಿಕೆ, ಕೆಲವು ಕಾರುಗಳಲ್ಲಿ ಈ ಕಂಬಿ ಬರೀ ಅಲಂಕಾರಕ್ಕೆ ಇರುವ ಪ್ಲಾಸ್ಟಿಕ್ಕು. ಅದು ಭಾರ ಹೊರುವ ಕಂಬಿಯೇ ಎಂಬುದನ್ನು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಬೇಕು.

(ಇ) ಬೋಲ್ಟಿನ ತೂತು ಇರುವ ಟಾಪು: ಅಂಚಿನ ಪಟ್ಟಿಯ ಕೆಳಗೆ ಕಂಪನಿಯವರೇ ಬಿಟ್ಟ ತೂತುಗಳಿರುತ್ತವೆ. ಇದಕ್ಕೆ ಆ ಮಾದರಿಗೆಂದೇ ಮಾಡಿದ ಕಾಲುಗಳು ಮಾತ್ರ ಕೂರುತ್ತವೆ.

(ಈ) ಬೋಳು ಟಾಪು: ಈಚಿನ ಬಹುತೇಕ ಸಣ್ಣ ಕಾರುಗಳು ಇಂಥವು. ಬಾಗಿಲ ಚೌಕಟ್ಟಿನ ಮೇಲಂಚಿಗೆ ಕೊಕ್ಕೆ ಹಾಕಿ ಬಿಗಿಯುವ ಅಡ್ಡಪಟ್ಟಿ ಇದಕ್ಕೆ ಬೇಕು. ಕೊಕ್ಕೆ ಹಿಡಿಯಬೇಕಾದದ್ದು ಚೌಕಟ್ಟಿನ ಉಕ್ಕನ್ನು, ರಬ್ಬರ್ ಬೀಡಿಂಗನ್ನಲ್ಲ.

ಈ ನಾಲ್ಕರಲ್ಲಿ ಯಾವುದಾದರೂ ಸರಿ, ಟಾಪನ್ನು ಕೊರೆಯಲು ಬಿಡಬೇಡಿ. ನಮ್ಮ ಮಲೆನಾಡಿನ ಮಳೆಗೆ ಒಂದು ಸಣ್ಣ ತೂತು ಸಾಕು, ಸೋರಿಕೆ ಮತ್ತು ತುಕ್ಕು ಎರಡೂ ಶುರುವಾಗುತ್ತವೆ. ಹೊಸ ಕಾರುಗಳಲ್ಲಿ ಟಾಪಿನ ಒಳ ಅಂಚಿನಲ್ಲಿ ಏರ್‌ಬ್ಯಾಗನ್ನು ಮಡಿಸಿ ಇಟ್ಟಿರುವುದೂ ಉಂಟು. ಅಲ್ಲಿಗೆ ಡ್ರಿಲ್ ತಾಗಿದರೆ ಅಪಾಯ.

ಕಬ್ಬಿಣದ ಬುಟ್ಟಿಯಂಥ ಕ್ಯಾರಿಯರ್ ಅಗ್ಗ, ಆದರೆ ಭಾರ. ಅದರ ಆಕಾರವೇ ಮೂಟೆ ಹೇರೆಂದು ಕರೆಯುತ್ತದೆ. ನಮ್ಮ ಏಣಿ ಮತ್ತು ದೋಟಿಗೆ ಎರಡು ಅಲ್ಯುಮಿನಿಯಂ ಅಡ್ಡಪಟ್ಟಿಗಳು ಧಾರಾಳವಾಗಿ ಸಾಕು. ಯಾವುದನ್ನೇ ಕೊಂಡರೂ ಗೋದಾಮಿನ ತಕ್ಕಡಿಯಲ್ಲಿ ತೂಗಿ, ತೂಕವನ್ನು ಬರೆದಿಟ್ಟುಕೊಳ್ಳಿ.

4. ಕೂರಿಸುವ ಕ್ರಮ

ಮೊದಲು ಟಾಪನ್ನು ಮತ್ತು ಬಾಗಿಲ ಅಂಚನ್ನು ತೊಳೆದು ಒರೆಸಿ. ಕಾಲಿನ ಕೆಳಗೆ ಮರಳಿನ ಕಣ ಉಳಿದರೆ ಅದು ಬಣ್ಣವನ್ನು ಉಜ್ಜಿ ತಗಡನ್ನು ತೋರಿಸುತ್ತದೆ, ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು ಏಳುತ್ತದೆ. ಪ್ರತಿ ಕಾಲಿನ ಕೆಳಗೆ ರಬ್ಬರ್ ಇರಲೇಬೇಕು.

ಎರಡು ಅಡ್ಡಪಟ್ಟಿಗಳ ನಡುವಿನ ಅಂತರವನ್ನು ಕೈಪಿಡಿಯಲ್ಲಿ ಹೇಳಿದಂತೆ ಇಡಿ. ಅವು ತೀರಾ ಹತ್ತಿರವಾದರೆ ಏಣಿ ತಕ್ಕಡಿಯಂತೆ ತೂಗಾಡುತ್ತದೆ. ಮುಂದಿನ ಗಾಜಿನ ಅಂಚಿನಿಂದ ಎಡಕ್ಕೂ ಬಲಕ್ಕೂ ಟೇಪು ಹಿಡಿದು ಅಳೆದು, ಪಟ್ಟಿ ಓರೆಯಾಗದಂತೆ ನೋಡಿಕೊಳ್ಳಿ.

ನಾಲ್ಕೂ ಕಾಲುಗಳ ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಬಳಿಕ ಸ್ಪ್ಯಾನರಿನಿಂದ ಒಂದಷ್ಟು ಎಡಗಡೆ, ಒಂದಷ್ಟು ಬಲಗಡೆ, ಹೀಗೆ ಬದಲಾಯಿಸುತ್ತಾ ಬಿಗಿಯಿರಿ. ಒಂದೇ ಬದಿಯನ್ನು ಪೂರ್ತಿ ಬಿಗಿದರೆ ಪಟ್ಟಿ ಆ ಕಡೆಗೆ ಎಳೆಯುತ್ತದೆ. ಅತಿಯಾಗಿ ಬಿಗಿದರೆ ತಗಡು ತಗ್ಗುತ್ತದೆ. ಬೋಲ್ಟಿಗೆ ಸ್ವಲ್ಪ ಗ್ರೀಸು ಸವರಿದರೆ ಮುಂದೆ ಬಿಚ್ಚುವಾಗ ತೊಂದರೆಯಾಗದು.

ಈಗ ಪರೀಕ್ಷೆ. ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲುಗಿಸಿ. ಕಾರು ಅಲುಗಬೇಕು, ಕಾರಿನ ಮೇಲೆ ಪಟ್ಟಿ ಅಲುಗಬಾರದು. ನಾಲ್ಕೂ ಬಾಗಿಲು ಮತ್ತು ಡಿಕ್ಕಿಯನ್ನು ತೆರೆದು, ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮೊದಲ 20-30 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ನಮ್ಮ ತೋಟದ ದಾರಿಯ ಕುಲುಕಾಟಕ್ಕೆ ಎಂಥ ಬೋಲ್ಟೂ ಸಡಿಲವಾಗಬಹುದು. ಆದ್ದರಿಂದ ಪ್ರತಿ ಸಲ ಹೇರುವ ಮುನ್ನ ನಾಲ್ಕೂ ಕಾಲು ಮುಟ್ಟಿ ನೋಡುವ ಅಭ್ಯಾಸ ಇರಲಿ. ಸಾಮಾನು ಸಹಿತ ಒಟ್ಟು ಎತ್ತರವನ್ನು ಅಳೆದು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗಿನ ಹತ್ತಿರ ಅಂಟಿಸಿ. ಮನೆಯ ಪೋರ್ಟಿಕೋ, ತೋಟದ ಹಾಲುವಾಣದ ಕೊಂಬೆ ಇವು ಕ್ಯಾರಿಯರ್ ಬಂದಿದೆಯೆಂದು ತಾವಾಗಿ ಮೇಲೇರುವುದಿಲ್ಲ.

5. ಹೇರುವುದು ಮತ್ತು ಕಟ್ಟುವುದು

ಪೈಪಿನ ವಿಚಾರ ಮೊದಲು. ಪಿ.ವಿ.ಸಿ. ಪೈಪಿನ ಉದ್ದ ಸಾಮಾನ್ಯವಾಗಿ 6 ಮೀಟರು. ನಮ್ಮ ಸಣ್ಣ ಕಾರು ಸುಮಾರು ಮೂರೂವರೆ ಮೀಟರು. ಹೇಗೆ ಕಟ್ಟಿದರೂ ಎರಡೂವರೆ ಮೀಟರು ಹೊರಗೆ ಉಳಿಯುತ್ತದೆ. ಹಿಂದಿನಿಂದ ಬರುವ ಬೈಕಿನವನ ಎದೆಮಟ್ಟಕ್ಕೆ ಅದು ಚಾಚಿರುತ್ತದೆ ಎಂಬುದನ್ನು ಯೋಚಿಸಿ. ಅಂಗಡಿಯಲ್ಲೇ 3 ಮೀಟರಿನಂತೆ ಕತ್ತರಿಸಿ ತಂದು, ತೋಟದಲ್ಲಿ ಕಪ್ಲರ್ ಹಾಕಿ ಅಂಟಿಸಬಹುದು. ಸ್ಪ್ರಿಂಕ್ಲರ್ ಪೈಪುಗಳನ್ನು ಕತ್ತರಿಸುವಂತಿಲ್ಲ, ಅವಕ್ಕೆ ಪಿಕಪ್ಪೇ ಸರಿ. ಏಣಿಯೂ ಅಷ್ಟೆ, ಬಿಡಿಸಿ ಜೋಡಿಸುವಂಥದ್ದನ್ನೇ ಕೊಂಡರೆ ಸಾಗಿಸುವುದು ಸುಲಭ.

ಸಾಮಾನು ಎರಡೂ ಪಟ್ಟಿಗಳ ಮೇಲೆ, ಎಡಬಲ ಸಮವಾಗಿ ಕೂರಬೇಕು. ಪ್ರತಿ ಪಟ್ಟಿಗೂ ಒಂದೊಂದು ಕಡೆ ಅಡ್ಡ ಕಟ್ಟು ಹಾಕಿ. ಇಷ್ಟೇ ಸಾಲದು. ಜೋರಾಗಿ ಬ್ರೇಕು ಒತ್ತಿದಾಗ ಸಾಮಾನು ತನ್ನ ತೂಕದ ಸುಮಾರು ಮುಕ್ಕಾಲು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಅಡ್ಡ ಕಟ್ಟು ಇದನ್ನು ಪೂರ್ತಿ ತಡೆಯಲಾರದು. ಆದುದರಿಂದ ಸಾಮಾನಿನ ಮುಂತುದಿಯಿಂದ ಮತ್ತು ಹಿಂತುದಿಯಿಂದ ಕಾರಿನ ಎಳೆಯುವ ಕೊಕ್ಕೆಗೆ ಒಂದೊಂದು ಕಟ್ಟು ಬೇಕು.

ರಬ್ಬರ್ ಹಗ್ಗ ಹಿಗ್ಗುತ್ತದೆ, ಭಾರಕ್ಕೆ ಅದು ತಕ್ಕದ್ದಲ್ಲ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಲಾರಿಯವರು ಬಳಸುವಂಥ ಬಿಗಿಯುವ ಬೆಲ್ಟು ಉತ್ತಮ. ಅದನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್‌ಗುಡುವುದಿಲ್ಲ. ಪ್ಲೈವುಡ್ಡು, ತಗಡು ಮುಂತಾದ ಅಗಲದ ಸಾಮಾನನ್ನು ಗಾಳಿ ಮೇಲಕ್ಕೆ ಎತ್ತುತ್ತದೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 60ರಿಂದ 80ಕ್ಕೆ ಹೋದರೆ ಬಲ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ. ಟಾರ್ಪಾಲು ಹೊದಿಸಿದರೆ ನಡುವೆ ನೀರು ನಿಲ್ಲದಂತೆ ನೋಡಿಕೊಳ್ಳಿ. ಒಂದು ಚದರ ಮೀಟರು ಅಗಲಕ್ಕೆ 3 ಸೆಂ.ಮೀ. ನೀರು ನಿಂತರೆ ಅದರ ತೂಕವೇ 30 ಕಿಲೋ.

ತೋಟದ ಒಳದಾರಿಯೇ ಆದರೂ ಕ್ಯಾರಿಯರಿನ ಮೇಲೆ ಆಳುಗಳನ್ನು, ಮಕ್ಕಳನ್ನು ಕೂರಿಸಲೇಬಾರದು. ಸಾಮಾನು ಹೇರಿದಾಗ ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ. ಕೆಲಸ ಮುಗಿದ ಮೇಲೆ ಪಟ್ಟಿಗಳನ್ನು ಬಿಚ್ಚಿ ಒಳಗಿಡಿ. ಖಾಲಿ ಕ್ಯಾರಿಯರ್ ಕೂಡ ಗಾಳಿಗೆ ಅಡ್ಡವಾಗಿ ಪೆಟ್ರೋಲು ತಿನ್ನುತ್ತದೆ.

6. ಹಾಗಾದರೆ ಮೂಟೆಗೆ ಏನು ದಾರಿ?

ಮೂಟೆಗೆ ಸರಕು ಸಾಗಿಸಲೆಂದೇ ನೋಂದಾಯಿತವಾದ ಪಿಕಪ್ಪೇ ದಾರಿ. ನಾಲ್ಕೈದು ಮೂಟೆಗೆ ಒಂದು ಗಾಡಿ ದುಬಾರಿ ಎಂಬುದು ನಿಜ. ಆದರೆ ಒಂದೇ ದಾರಿಯ ಮೂರು ನಾಲ್ಕು ಮನೆಯವರು ದಿನ ಗೊತ್ತುಮಾಡಿಕೊಂಡು ಒಂದೇ ಗಾಡಿಯಲ್ಲಿ ಕಳುಹಿಸಿದರೆ ಬಾಡಿಗೆ ಹಂಚಿಹೋಗುತ್ತದೆ. ಸಹಕಾರ ಎಂಬ ಮಾತಿಗೆ ಅರ್ಥ ಬರುವುದು ಇಂಥಲ್ಲಿಯೇ.

ಮನೆಲೆಕ್ಕ

ಈ ಪುಟವನ್ನು ಪಕ್ಕಕ್ಕಿಡುವ ಮೊದಲು ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆಯಿರಿ. ಒಂದು, ಕೈಪಿಡಿಯಲ್ಲಿರುವ ಟಾಪಿನ ಮಿತಿ. ಎರಡು, ಕ್ಯಾರಿಯರಿನ ತೂಕ. ಮೂರು, ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಉಳಿಯುವ ಅಂಕಿ. ನಾಲ್ಕು, ನಿಮ್ಮ ಏಣಿಯ ತೂಕ. ನಾಲ್ಕನೆಯದು ಮೂರನೆಯದಕ್ಕಿಂತ ಕಡಿಮೆ ಇದ್ದರೆ ಏಣಿ ಹೇರಿ ಹೊರಡಬಹುದು. ಹೆಚ್ಚಿದ್ದರೆ ಕ್ಯಾರಿಯರನ್ನೋ ಏಣಿಯನ್ನೋ ಬದಲಾಯಿಸಬೇಕು, ಲೆಕ್ಕವನ್ನು ಬದಲಾಯಿಸಲು ಬರುವುದಿಲ್ಲ. ಆ ಕಾಗದವನ್ನು ಕಾರಿನ ಕಾಗದಪತ್ರಗಳ ಜೊತೆಯಲ್ಲೇ ಇಡಿ. ಕಾರು ಓಡಿಸುವ ಮಗನಿಗೂ ಮಗಳಿಗೂ ಒಮ್ಮೆ ತೋರಿಸಿ.

— ಕಾರ್ಯದರ್ಶಿ