ಹಾಲು ಬಿಟ್ಟ ಮೊಮ್ಮಗಳಿಗೆ

ಮಗಳೇ, ನೀನು ಹಾಲು, ಮೊಸರು, ಮೊಟ್ಟೆ, ಬಾಡು ಎಲ್ಲ ಬಿಟ್ಟೆಯೆಂದು ನಿನ್ನ ಅವ್ವ ಫೋನಿನಲ್ಲಿ ಅರ್ಧ ಅಳುತ್ತ ಹೇಳಿದಳು. ಬೆಂಗಳೂರಿನ ಗಾಳಿ ಬಡಿದಿದೆ, ನೀವಾದರೂ ಬುದ್ಧಿ ಹೇಳಿ ಅಂದಳು. ಹೇಳುತ್ತೇನೆ, ಆದರೆ ಅವಳಿಗೆ ಬೇಕಾದ ಬುದ್ಧಿ ನನ್ನ ಹತ್ತಿರ ಇಲ್ಲ. ಬಿಟ್ಟದ್ದು ಒಳ್ಳೆಯದೇ ಆಯಿತು. ಬಿಟ್ಟ ಮೇಲೆ ಏನು ಉಣ್ಣಬೇಕು, ನಾಲ್ಕು ಜನರ ನಡುವೆ ಹೇಗಿರಬೇಕು ಎಂಬುದಕ್ಕೆ ಮಾತ್ರ ಹಿರಿಯರ ಮಾತು ಬೇಕಾದೀತು. ಚಳ್ಳಕೆರೆಯಲ್ಲಿ ಕೂತು ಬಹಳ ಕಾಲದಿಂದ ಇದೇ ಊಟ ಉಣ್ಣುತ್ತಿರುವವನು ನಾನು. ವೀಗನ್ ಎಂಬ ನಿಮ್ಮ ಹೆಸರು ಕಿವಿಗೆ ಬಿದ್ದದ್ದು ಎಷ್ಟೋ ಆಮೇಲೆ.

ಮೊದಲು ನಿನ್ನ ಕಾರಣ ಗಟ್ಟಿ ಮಾಡಿಕೋ. ಗೆಳತಿಯರು ಬಿಟ್ಟರು, ಮೊಬೈಲಿನಲ್ಲಿ ಏನೋ ನೋಡಿ ಕರುಳು ಚುರ್ ಅಂದಿತು ಎಂಬುದು ಶುರುವಿಗೆ ಸಾಕು. ಎರಡು ವರ್ಷ ಕಳೆದು ಯಾರದೋ ಮದುವೆ ಊಟದಲ್ಲಿ ಹೋಳಿಗೆ ಮೇಲೆ ತುಪ್ಪ ಸುರಿಯಲು ಬಂದಾಗ ಅದು ನಿಲ್ಲುವುದಿಲ್ಲ. ನನ್ನ ಕಾರಣ ಗಂಡುಕರು.

ನಮ್ಮ ಸೀಮೆಯಲ್ಲಿ ದನ ಅಂದರೆ ಮೊದಲು ಎತ್ತು, ಹಾಲು ಆಮೇಲೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅನ್ನಿಸಿಕೊಂಡಿದ್ದ ದನಗಳ ಇಲಾಖೆಗೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ. ಹೆಸರಿನಲ್ಲಿ ಬೆಣ್ಣೆಯೂ ಇದೆ, ಅಮೃತವೂ ಇದೆ. ಆದರೆ ಆ ಇಲಾಖೆ ಸಾಕಿದ ಹಸುವಿನ ಕೆಚ್ಚಲಲ್ಲಿ ಕರು ಕುಡಿದು ಮಿಗುವುದು ಅಷ್ಟಕ್ಕಷ್ಟೆ. ಫಿರಂಗಿ ಎಳೆಯಲು, ದಂಡಿನ ಸಾಮಾನು ಸಾಗಿಸಲು ಸಾಕಿದ ತಳಿ ಅದು. ಆ ದನಗಳಿಗೆಂದೇ ನಮ್ಮ ತಾಲ್ಲೂಕಿನಲ್ಲಿ ಕಾವಲು ಎಂಬ ಮೇವಿನ ಬಯಲುಗಳಿದ್ದವು. ಕುದಾಪುರ, ಉಳ್ಳಾರ್ತಿ ಕಡೆಯ ಕಾವಲಿನಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊಗಳ ಬೇಲಿ ನಿಂತಿದೆ. ಇನ್ನು ಮ್ಯಾಸನಾಯಕ ಸಮುದಾಯದವರ ದೇವರ ಎತ್ತುಗಳಂತೂ ನೊಗವನ್ನೇ ಕಾಣವು. ಕಿಲಾರಿಗಳು ಅವನ್ನು ಬಯಲಲ್ಲಿ ಕಾಯುತ್ತಾರೆ. ಅವನ್ನು ಮಾರುವುದಿಲ್ಲ, ಉಳುಮೆಗೆ ಹೂಡುವುದಿಲ್ಲ. ಬರಗಾಲದಲ್ಲಿ ಅವು ಮೇವಿಲ್ಲದೆ ಸೊರಗಿದಾಗ ಬೇರೆ ಊರುಗಳಿಂದ ಜನ ಮೇವು ಕಳಿಸುತ್ತಾರೆ.

ಇಂಥ ಸೀಮೆಯಲ್ಲಿ ಗಂಡುಕರು ಹುಟ್ಟಿದರೆ ಮನೆಗೆ ಇನ್ನೊಬ್ಬ ದುಡಿಯುವ ಮಗ ಬಂದ ಹಾಗಿತ್ತು. ಆಮೇಲೆ ಟ್ರ್ಯಾಕ್ಟರ್ ಬಂತು, ಹಿಂದೆಯೇ ಸೀಮೆಹಸು ಬಂತು. ಹಸು ಈದರೇ ಹಾಲು, ಆದ್ದರಿಂದ ಮತ್ತೆ ಮತ್ತೆ ಈಯಬೇಕು. ಈದ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಡುಬ್ಬವಿಲ್ಲದ ಆ ಕರುವನ್ನು ನೊಗಕ್ಕೆ ಕಟ್ಟುವವರಿಲ್ಲ. ಅದು ಕುಡಿಯುವ ಒಂದೊಂದು ಲೋಟವೂ ಡೇರಿಯ ಕ್ಯಾನಿಗೆ ಬೀಳಬೇಕಾದ ಕಾಸು. ಹೀಗಾಗಿ ಎಷ್ಟೋ ಕರುಗಳು ದಲ್ಲಾಳಿಯ ಟೆಂಪೊ ಹತ್ತುತ್ತವೆ, ಇಲ್ಲವೇ ರಸ್ತೆಬದಿಯಲ್ಲಿ ಉಳಿಯುತ್ತವೆ. 2021ರಿಂದ ರಾಜ್ಯದಲ್ಲಿ ಗೋಹತ್ಯೆ ನಿಷೇಧದ ಬಿಗಿ ಕಾಯ್ದೆ ಜಾರಿಯಲ್ಲಿದೆ. ದುಡಿಯದ, ಕರೆಯದ ದನದ ಬಾಯಿಗೆ ಹುಲ್ಲು ಹಾಕುವವರು ಯಾರು ಎಂಬ ಪ್ರಶ್ನೆ ಮಾತ್ರ ರೈತನ ಕೊಟ್ಟಿಗೆಯಲ್ಲೇ ಉಳಿದಿದೆ. ನನಗೆ ರೈತನ ಮೇಲೆ ಸಿಟ್ಟಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮದಿದೆ. ಶೇಂಗಾ ಒಣಗಿದ ವರ್ಷ ಎಷ್ಟೋ ಮನೆಗಳನ್ನು ನಡೆಸುವುದು ಡೇರಿಯ ಬಟವಾಡೆಯೇ. ಆದರೂ ನನ್ನ ಲೋಟದ ಹಾಲಿನ ಲೆಕ್ಕದಲ್ಲಿ ಆ ಕರುವೂ ಸೇರಿದೆ ಎಂದು ತಿಳಿದ ಮೇಲೆ ಗಂಟಲಿಗೆ ಇಳಿಯಲಿಲ್ಲ. ಬಾಡು ಅದಕ್ಕೂ ಮುಂಚೆಯೇ ಬಿಟ್ಟಿದ್ದೆ. ನನ್ನ ಕಥೆ ಇಷ್ಟೇ.

ನಿನ್ನ ಕಾರಣ ಬೇರೆ ಇದ್ದೀತು. ಆರೋಗ್ಯ ಇರಬಹುದು, ನೀರಿನ ಚಿಂತೆ ಇರಬಹುದು. ಯಾರಾದರೂ ಕೇಳಿದರೆ ಎರಡು ಮಾತಿನಲ್ಲಿ ಹೇಳಲು ಬರಬೇಕು. ಅರ್ಧ ಗಂಟೆ ಭಾಷಣ ಬೇಕಾಯಿತೆಂದರೆ ಅದು ನಿನಗೇ ಇನ್ನೂ ಖಾತ್ರಿಯಾಗಿಲ್ಲ.

ಊಟದ ವಿಷಯ. ಆ ಬಾದಾಮಿ ಹಾಲಿನ ಡಬ್ಬಿ ಕೊಳ್ಳುವುದನ್ನು ನಿಲ್ಲಿಸು. ಎಣ್ಣೆಗಿರಣಿಗಳಿಂದಲೇ ಹೆಸರಾಗಿ, ಎರಡನೇ ಮುಂಬೈ ಅನ್ನಿಸಿಕೊಂಡ ಊರಿನ ಹುಡುಗಿ ನೀನು. ಒಂದು ಲೋಟ ಶೇಂಗಾ ಬೀಜ ರಾತ್ರಿ ನೆನೆಹಾಕು. ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ನುಣ್ಣಗೆ ರುಬ್ಬಿ, ಮೂರು ನಾಲ್ಕು ಲೋಟ ನೀರು ಬೆರೆಸಿ ಬಟ್ಟೆಯಲ್ಲಿ ಸೋಸು. ತಳ ಹಿಡಿಯದ ಹಾಗೆ ಕೈಯಾಡಿಸುತ್ತ ಕುದಿಸಿ, ಉಗುರುಬೆಚ್ಚಗಾದ ಮೇಲೆ ನಾಲ್ಕಾರು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡು. ಹೆಪ್ಪಾಗುತ್ತದೆ. ಮೊದಲ ಹೆಪ್ಪು ಅಷ್ಟು ರುಚಿಯಿರುವುದಿಲ್ಲ. ಅದರಲ್ಲೇ ಒಂದು ಚಮಚ ತೆಗೆದು ಮರುದಿನದ ಹಾಲಿಗೆ ಹಾಕು, ಆಗ ಸರಿಹೋಗುತ್ತದೆ. ಒಗ್ಗರಣೆ ಕೊಟ್ಟ ಮಜ್ಜಿಗೆಯಾದರೆ ನಿನ್ನ ಅವ್ವನಿಗೂ ಪತ್ತೆಯಾಗಲಿಕ್ಕಿಲ್ಲ.

ಮಿಕ್ಕದ್ದೆಲ್ಲ ನಮ್ಮ ಅಡುಗೆಮನೆಯಲ್ಲೇ ಇದೆ. ಮುದ್ದೆ, ಹುರುಳಿಕಾಳಿನ ಸಾರು, ನುಗ್ಗೆಸೊಪ್ಪು, ಹುಚ್ಚೆಳ್ಳು ಚಟ್ನಿ, ನವಣೆ ಅನ್ನ, ಶೇಂಗಾ ಹೋಳಿಗೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಮೂಳೆ ಸವೆಯುತ್ತದೆ ಎಂದು ಹೆದರಿಸುವವರಿಗೆ ಈ ಲೆಕ್ಕ ಹೇಳು. ಬದುಕು ಬದಲಾಯಿತೇ ಎಂದು ನೀನು ಕೇಳಿದ್ದೆಯಂತೆ. ಮೈ ಹಗುರಾಯಿತು, ಮುಖಕ್ಕೆ ಕಳೆ ಬಂತು ಎನ್ನುವವರಿದ್ದಾರೆ; ನನ್ನ ಮಂಡಿನೋವು ಇದ್ದ ಹಾಗೇ ಇದೆ. ಬದಲಾದದ್ದು ಒಂದೇ. ಮುಂದೆ ಬಂದದ್ದು ಎಲ್ಲಿಂದ ಬಂತು, ಯಾರ ಮೈಯಿಂದ ಬಂತು ಎಂದು ಕೇಳದೆ ಬಾಯಿಗಿಡುವುದು ನಿಂತಿತು.

ಹಾಗೆ ಕೇಳುತ್ತ ಹೋದರೆ ಉತ್ತರ ನಿನಗೂ ಮುಜುಗರ ತರುತ್ತದೆ. ನೀನು ಉಣ್ಣುವ ರಾಗಿಯ ಹೊಲದಲ್ಲಿ ಕುರಿಮಂದೆ ನಿಲ್ಲಿಸಿ ಗೊಬ್ಬರ ಮಾಡಿರುತ್ತಾರೆ. ಕುರುಬರ ಕುರಿ, ಕಂಬಳಿ ಇಲ್ಲದೆ ಚಳ್ಳಕೆರೆ ಇಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ಆ ನೂಲು ಬಿಚ್ಚುವಾಗ ಗೂಡಿನೊಳಗಿನ ಹುಳು ಬಿಸಿಯಲ್ಲಿ ಸಾಯುತ್ತದೆ, ಒಂದು ಸೀರೆಗೆ ಅಂಥ ಸಾವಿರಾರು ಗೂಡು. ಹೊಸ ರೇಷ್ಮೆ ಬೇಡ ಅನ್ನಿಸಿದರೆ ಹತ್ತಿ ಉಡು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಬೆನ್ನು ಬಗ್ಗಿಸಿದ ನೇಕಾರನ ಮುಂದೆ ನಿಂತು ಪಾಪಪುಣ್ಯ ಮಾತಾಡಬೇಡ. ನಿನ್ನ ಅಜ್ಜಿಯ ಹಳೆಯ ಸೀರೆಯನ್ನು ಬಿಸಾಡಲೂ ಬೇಡ, ಹರಿಯುವವರೆಗೆ ಉಡು.

ಇದಕ್ಕಿಂತ ದೊಡ್ಡ ಎಚ್ಚರ ಇನ್ನೊಂದಿದೆ. ಈ ನಾಡಿನಲ್ಲಿ ತಟ್ಟೆ ನೋಡಿ ಜಾತಿ ಅಳೆಯುತ್ತಾರೆ. ನಮ್ಮ ಮನೆಯಲ್ಲೂ ಮಾರಮ್ಮನ ಹಬ್ಬಕ್ಕೆ ಬಾಡು ಬೇಯುತ್ತಿತ್ತು. ಅದಕ್ಕಾಗಿ ನಮ್ಮನ್ನು ಹೊರಗೆ ಕೂರಿಸಿದವರನ್ನು ನಾನು ಕಂಡಿದ್ದೇನೆ. ನಿನ್ನ ಊಟ ಹೊಸ ಮಡಿಯಾಗಕೂಡದು. ಬಾಡು ಉಣ್ಣುವವರ ಪಕ್ಕದಲ್ಲೇ ಎಲೆ ಹಾಕಿಸಿಕೋ, ಮೂಗು ಮುಚ್ಚಿಕೊಳ್ಳಬೇಡ. ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಬೇಡ ಎಂದು ಕೂಗುವವರ ಸಾಲಿನಲ್ಲಂತೂ ನಿಲ್ಲಲೇಬೇಡ. ನಿನಗೆ ಬಿಡಲು ಹತ್ತು ತಿನಿಸುಗಳಿವೆ, ಕೂಲಿಕಾರನ ಮಗುವಿಗೆ ಸಿಗುವುದೇ ಅದೊಂದು.

ಅವಸರವೂ ಬೇಡ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದವು. ಇಸಿಲ ಎಂಬ ಅಂದಿನ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಪ್ರಾಣಿಗಳ ಮೇಲೆ ದಯೆ ಗಟ್ಟಿಯಾಗಿ ನೆಲೆಸಬೇಕು ಎನ್ನುತ್ತದೆ. ಆದರೆ ಆ ಸಾಲಿನಲ್ಲಿ ದಯೆಗಿಂತ ಮೊದಲು ಬರುವುದು ತಾಯಿ ತಂದೆಯರ ಮಾತು ಕೇಳುವುದು. ನಿನ್ನ ಅವ್ವನಿಗೆ ಇದು ಗೊತ್ತಾಗದಿರಲಿ, ಗೊತ್ತಾದರೆ ನಿನ್ನನ್ನು ನೇರ ಬ್ರಹ್ಮಗಿರಿಗೇ ಎಳೆದೊಯ್ದಾಳು. ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ಇನ್ನೊಂದು ಶಾಸನವಿದೆ. ಅರಮನೆಯ ಅಡುಗೆಗೆ ಹಿಂದೆ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಇಲ್ಲ, ಮುಂದೆ ಈ ಮೂರನ್ನೂ ಬಿಡುತ್ತೇವೆ ಎಂದು ಕಲ್ಲಿನ ಮೇಲೆ ಬರೆಸಿದ್ದಾನೆ. ಚಕ್ರವರ್ತಿಯಾದವನು ಇನ್ನೂ ಪೂರ್ತಿ ಬಿಟ್ಟಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡ. ನೆಂಟರ ಮನೆಯಲ್ಲಿ ಗೊತ್ತಿಲ್ಲದೆ ತುಪ್ಪ ಬಿದ್ದ ಅನ್ನ ಉಂಡರೆ ನೀನೂ ರಾತ್ರಿಯಿಡೀ ಕೊರಗಬೇಕಾಗಿಲ್ಲ.

ಕೊನೆಗೆ, ಅವ್ವನ ಹೆದರಿಕೆಯಲ್ಲಿ ಒಂದು ನಿಜವಿದೆ. ವಿಟಮಿನ್ ಬಿ12 ನಾವು ಉಣ್ಣುವ ಕಾಳು, ಸೊಪ್ಪು, ಧಾನ್ಯದಲ್ಲಿ ಸಿಗುವುದಿಲ್ಲ. ಹಾಲೂ ಬಿಟ್ಟ ಮೇಲೆ ಮಾತ್ರೆ ನುಂಗಲೇಬೇಕು. ಇದರಲ್ಲಿ ಹಟ, ಮನೆಮದ್ದು ಎರಡೂ ನಡೆಯವು. ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುತ್ತದೆ, ಸುಸ್ತು, ಮರೆವು ಶುರುವಾಗುತ್ತದೆ, ತಡಮಾಡಿದರೆ ನರಗಳ ತೊಂದರೆ ಹಾಗೇ ಉಳಿಯಬಹುದು. ಡಾಕ್ಟರನ್ನು ಕೇಳಿ ಪ್ರಮಾಣ ಗೊತ್ತು ಮಾಡಿಕೋ. ಹಬ್ಬಕ್ಕೆ ಬರುವ ಮುಂಚೆ ಬಿ12 ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಆ ರಿಪೋರ್ಟನ್ನು ಮರೆಯದೆ ತಂದು ಅವ್ವನ ಕೈಗೆ ಕೊಡು.