ಸಂತೆಯ ಉಳಿಕೆಯೂ ಹಿತ್ತಿಲ ಕೋಳಿಯೂ

ಮಾಗಡಿಯಲ್ಲಿ ಸಂತೆ ಮುಗಿದ ಸಾಯಂಕಾಲ ನೆಲದ ಮೇಲೆ ಏನೇನು ಉಳಿದಿರುವುದೆಂಬುದನ್ನು ನಮ್ಮ ಓದುಗರು ಬಲ್ಲರು. ಕೋಸಿನ ಹೊರ ಎಲೆ, ಮೂಲಂಗಿಯ ಸೊಪ್ಪು, ಒಡೆದ ಟೊಮ್ಯಾಟೊ. ಅವರೆಯ ಕಾಲದಲ್ಲಿ ಸಿಪ್ಪೆಯ ರಾಶಿ. ದನಗಳು ತಿಂದು ಬಿಟ್ಟುದು ಅಲ್ಲಿಯೇ ಕೊಳೆಯುವುದು. ಇದರಲ್ಲಿ ಒಂದು ಮಂಕರಿಯಷ್ಟನ್ನು ಆಯ್ದು ತಂದು ಕೋಳಿಗಳಿಗೆ ಹಾಕುವ ಗೃಹಿಣಿಯನ್ನು ಜಿಪುಣೆಯೆಂದು ನಗುವವರಿದ್ದಾರೆ; ನಾವು ಆಕೆಯನ್ನು ಜಾಣೆಯೆನ್ನುತ್ತೇವೆ. 2022ರಲ್ಲಿ ಲೋಕದ ಅಂಗಡಿ, ಹೋಟೆಲು, ಮನೆಗಳಲ್ಲಿ ಸುಮಾರು 105 ಕೋಟಿ ಟನ್ನು ಆಹಾರವು ವ್ಯರ್ಥವಾಯಿತೆಂದೂ, ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದೇ ಎಂದೂ ವಿಶ್ವಸಂಸ್ಥೆಯ ಪರಿಸರ ವಿಭಾಗವು ಲೆಕ್ಕ ಹಾಕಿದೆ.

ಆದರೆ ಉಳಿಕೆಯು ಕೋಳಿಗೆ ಪಲ್ಯವೇ ಹೊರತು ಊಟವಲ್ಲ. ಕೋಸಿನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರು. ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ ಸುಮಾರು 110 ಗ್ರಾಂ ಒಣ ಆಹಾರವು ಬೇಕು. ಹೊಟ್ಟೆಯನ್ನು ಎಲೆಯಿಂದಲೇ ತುಂಬಿಸಿದರೆ ಮೊಟ್ಟೆ ಕಡಿಮೆಯಾಗುವುದು. ಮೊಟ್ಟೆಯ ಕಾಸಿನಿಂದ ಮಗಳ ಪುಸ್ತಕ ಕೊಳ್ಳುವ ತಾಯಿಗೆ ಇದು ಸಣ್ಣ ಮಾತಲ್ಲ. ರಾಗಿ, ನುಚ್ಚು, ತವುಡು, ಹಿಂಡಿ ಇವು ಮುಂದೆ, ಸೊಪ್ಪು ಹಿಂದೆ. ಸೊಪ್ಪು ತಿಂದ ಕೋಳಿಯ ಮೊಟ್ಟೆಯ ಭಂಡಾರವು ಹೆಚ್ಚು ಹಳದಿಯಾಗುವುದೆಂಬುದೇನೋ ನಿಜ.

ಅಡಿಗೆಮನೆಯ ಉಳಿಕೆಯಿಂದ ಕೋಳಿ ಸಾಕುವವರು ಜಾವಾ ದ್ವೀಪದ ಒಂದು ಸಂಗತಿಯನ್ನು ತಿಳಿದಿರಬೇಕು. 1889ರಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರ ಪ್ರಯೋಗಶಾಲೆಯ ಕೋಳಿಗಳಿಗೆ ಸೈನಿಕ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿಯ ಅನ್ನವನ್ನೇ ಹಾಕುತ್ತಿದ್ದರು. ಕೋಳಿಗಳ ಕಾಲು ಸೋತುಹೋದವು. ಬಳಿಕ ಬಂದ ಅಡಿಗೆಯವನು ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡಲೊಪ್ಪಲಿಲ್ಲ. ತವುಡು ತೆಗೆಯದ ಅಕ್ಕಿ ದೊರೆಯಿತು. ಕೋಳಿಗಳು ಎದ್ದು ಓಡಾಡಿದವು! ಬೆರಿಬೆರಿ ರೋಗದ ಮೂಲವು ತಿಳಿಯುವುದಕ್ಕೆ ಇದೇ ದಾರಿಯಾಯಿತು. 1929ರಲ್ಲಿ ಆ ವೈದ್ಯರಿಗೆ ನೊಬೆಲ್ ಪಾರಿತೋಷಕವು ಬಂದಿತು. ನಮ್ಮ ಮನೆಗಳಲ್ಲಿ ಮಿಕ್ಕ ಅನ್ನವನ್ನು ಸುರಿದು ಕೋಳಿಯ ಊಟ ಮುಗಿಯಿತೆನ್ನುವವರು ಅದಕ್ಕೆ ಒಂದು ಹಿಡಿ ತವುಡನ್ನಾದರೂ ಸೇರಿಸಲಿ.

ಇನ್ನು ಸುಣ್ಣದಂಶ. ರಾಗಿಯು ಧಾನ್ಯಗಳಲ್ಲಿ ಇದಕ್ಕೆ ಹೆಸರಾದುದು. ಆದರೂ 100 ಗ್ರಾಂ ರಾಗಿಯಲ್ಲಿ ಇರುವುದು ಒಂದು ಗ್ರಾಮಿನ ಮೂರನೆಯ ಒಂದು ಪಾಲು ಮಾತ್ರ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಬೇಕು. ಆದುದರಿಂದ ಮನೆಯಲ್ಲಿ ಒಡೆದ ಚಿಪ್ಪುಗಳನ್ನು ಬಾಡಿಸಿ, ನುಣ್ಣಗೆ ಪುಡಿಮಾಡಿ ಮತ್ತೆ ಕೋಳಿಗೇ ಕೊಡಬೇಕು.

ಬಾಡಿದುದು ಬೇರೆ, ಬೂಷ್ಟು ಹಿಡಿದುದು ಬೇರೆ. ಈ ಭೇದವನ್ನು ಹುಡುಗಿಯರು ಕಣ್ಣಿನಿಂದಲೂ ಮೂಗಿನಿಂದಲೂ ಕಲಿಯತಕ್ಕದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುದು ಬೂಷ್ಟಿನ ವಿಷವಿದ್ದ ಕಡಲೆಕಾಯಿ ಹಿಂಡಿಯಿಂದ. ಆ ವಿಷವು ಬೇಯಿಸಿದರೂ ಹೋಗದು. ಮೊಟ್ಟೆಯ ಮೂಲಕ ಮಗುವಿನ ತಟ್ಟೆಗೂ ಬರಬಲ್ಲುದು. ಹಸಿರು ತಿರುಗಿದ ಆಲೂಗಡ್ಡೆ, ಬೆಣ್ಣೆಹಣ್ಣು, ಬೇಯಿಸದ ಒಣ ಅವರೆಕಾಳು ಇವನ್ನೂ ಹಾಕಕೂಡದು. ಅವರೆಯ ಸಿಪ್ಪೆಯು ಹಸುವಿಗಿರಲಿ. ಔಷಧ ಸಿಂಪಡಿಸಿದ್ದಿರಬಹುದಾದ ಎಲೆಗಳನ್ನು ಎರಡು ಮೂರು ನೀರಿನಲ್ಲಿ ತೊಳೆದು, ಸಣ್ಣಗೆ ಹೆಚ್ಚಿ, ಬೆಳಿಗ್ಗೆ ಧಾನ್ಯ ತಿಂದ ಮೇಲೆ ಹಾಕಬೇಕು. ಸಂಜೆಯೊಳಗೆ ತಿನ್ನದೆ ಬಿಟ್ಟುದನ್ನು ಗುಡಿಸಿ ಗೊಬ್ಬರದ ಗುಂಡಿಗೆ ಸೇರಿಸಬೇಕು.