ನಾಲ್ಕು ಗೊಂಬೆಗಳು

ಒಳ್ಳೇ ಕಟ್ಟಡ, ಪುಸ್ತಕ, ಉಪಾಧ್ಯಾಯರು ಇವಿಷ್ಟನ್ನು ಎಲ್ಲಾ ಮಕ್ಕಳಿಗೂ ಕೊಟ್ಟರೆ ವಿದ್ಯಾಭ್ಯಾಸದಲ್ಲಿ ಸಮತೆಯುಂಟಾಯಿತೆಂದು ನಾವು ಎಣಿಸುತ್ತೇವೆ. ಅಷ್ಟು ಸಾಕೋ ಎಂಬದನ್ನು ಅಮೇರಿಕಾ ದೇಶದ ಒಂದು ವ್ಯಾಜ್ಯದಿಂದ ಈ ಪಾಠದಲ್ಲಿ ವಿಚಾರಿಸುವೆವು.

ಆ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ವರ್ಣದವರ ಮಕ್ಕಳಿಗೆ ಇನ್ನೊಂದು ಶಾಲೆ ಎಂಬ ಕಟ್ಟಳೆಯು ಬಹುಕಾಲ ನಡೆಯಿತು. ಬೇರೆಯಾಗಿದ್ದರೂ ಸಮವಾಗಿದ್ದರೆ ತಪ್ಪಲ್ಲವೆಂದು ಶ್ರೇಷ್ಠ ನ್ಯಾಯಸ್ಥಾನವು 1896ರಲ್ಲಿ ರೈಲುಗಾಡಿಯ ವ್ಯಾಜ್ಯವೊಂದರಲ್ಲಿ ಕೊಟ್ಟ ತೀರ್ಪೇ ಇದಕ್ಕೆ ಆಧಾರವಾಗಿತ್ತು. ಆ ಸಮತೆ ಎಂಥದು? ದಕ್ಷಿಣ ಕೆರೊಲೈನಾದ ಕ್ಲಾರೆಂಡನ್ ಜಿಲ್ಲೆಯಲ್ಲಿ ಬಿಳಿಯ ಮಕ್ಕಳು ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿರಲು, ಕಪ್ಪು ಮಕ್ಕಳು ಮೈಲಿಗಟ್ಟಲೆ ನಡೆಯುತ್ತಿದ್ದರು. ಸಭಾಪಾಲಕರೂ ಉಪಾಧ್ಯಾಯರೂ ಆಗಿದ್ದ ಜೋಸೆಫ್ ಡಿಲೇನ್ ಎಂಬವರು ಅಲ್ಲಿಯ ರೈತರಿಗೆ ಧೈರ್ಯ ಹೇಳಿದ ಮೇಲೆ, 1947ರಲ್ಲಿ ಒಂದು ಬಸ್ಸಿಗಾಗಿ ಅರ್ಜಿ ಹೋಯಿತು. ಬಸ್ಸು ಬರಲಿಲ್ಲ. 1949ರಲ್ಲಿ ಹೆತ್ತವರು ಸಮವಾದ ಶಾಲೆಗಳನ್ನೇ ಬೇಡಿದರು. ಆ ಅರ್ಜಿಯಲ್ಲಿ ಮೊದಲ ಹೆಸರು ಹ್ಯಾರಿ ಬ್ರಿಗ್ಸ್ ಎಂಬವರದು. ಅವರೂ ಅವರ ಹೆಂಡತಿಯೂ ಕೆಲಸ ಕಳಕೊಂಡರು.

1951ರಲ್ಲಿ ವ್ಯಾಜ್ಯವು ವಿಚಾರಣೆಗೆ ಬಂದಾಗ ವಕೀಲರು ಬೇರೆ ಬೇರೆ ಶಾಲೆಗಳೇ ಇರಕೂಡದೆಂದು ವಾದಿಸಿದರು. ಇದಕ್ಕೆ ಸಾಕ್ಷಿಯಾಗಿ ಬಂದವರು ಕೆನೆತ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು. ಅವರೂ ಅವರ ಹೆಂಡತಿ ಮೇಮಿ ಕ್ಲಾರ್ಕಮ್ಮನವರೂ ಬಣ್ಣವೊಂದರ ಹೊರತು ಎಲ್ಲಾದರಲ್ಲಿಯೂ ಒಂದೇ ತರದ ನಾಲ್ಕು ಗೊಂಬೆಗಳನ್ನು, ಎರಡು ಕಂದು, ಎರಡು ಬಿಳಿ, ಕಪ್ಪು ವರ್ಣದ ಚಿಕ್ಕ ಮಕ್ಕಳ ಮುಂದೆ ಇಟ್ಟು ಕೇಳುತ್ತಿದ್ದರು: ನೀನು ಆಡುವದಕ್ಕೆ ಯಾವದು ಬೇಕು? ಒಳ್ಳೇದು ಯಾವದು? ಕೆಟ್ಟದ್ದು ಯಾವದು? ಕಡೆಗೆ, ನಿನ್ನ ಹಾಗಿರುವದು ಯಾವದು? 1947ರಲ್ಲಿ ಅವರು ಪ್ರಕಟಿಸಿದ ಪ್ರಕಾರ, 253 ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಿಳಿಯ ಗೊಂಬೆಯನ್ನೇ ಬಯಸಿದರು. ಕ್ಲಾರೆಂಡನ್ ಜಿಲ್ಲೆಯ 16 ಮಕ್ಕಳಲ್ಲಿ 11 ಮಂದಿ ಕಂದು ಗೊಂಬೆಯನ್ನು ಕೆಟ್ಟದ್ದೆಂದರು. ಕೆಟ್ಟದ್ದೆಂದು ತೋರಿಸಿದ ಮಗುವಿಗೆ, ನಿನ್ನ ಹಾಗಿರುವದು ಯಾವದೆಂಬ ಕಡೇ ಪ್ರಶ್ನೆ ಎಷ್ಟು ಕಠಿಣವಾಗಿತ್ತೆಂದು ಯೋಚಿಸಿರಿ. ಕೆಲವು ಮಕ್ಕಳು ಅಳುತ್ತಾ ಕೋಣೆಯಿಂದ ಓಡಿಹೋದರು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಡಲಾರೆವು. ಉತ್ತರ ಸಂಸ್ಥಾನಗಳ ಕೂಡು ಶಾಲೆಗಳ ಮಕ್ಕಳೂ ಬಿಳಿಯ ಗೊಂಬೆಯನ್ನೇ ಆರಿಸಿದ್ದರು. ಆದದರಿಂದ ಈ ಸಾಕ್ಷ್ಯವು ಗಟ್ಟಿಯಲ್ಲವೆಂದು ಪ್ರತಿಕಕ್ಷಿಗಳು ಆಕ್ಷೇಪಿಸಿದರು. ಆದರೆ ಆ ವಿಷವು ಶಾಲೆಯ ಗೋಡೆಯೊಳಗೆ ಮಾತ್ರವಲ್ಲ, ಬೀದಿಯಲ್ಲಿಯೂ ಮಾತಿನಲ್ಲಿಯೂ ಇತ್ತೆಂದು ಇದರಿಂದ ನಮಗೆ ತೋರುತ್ತದೆ. ಹೆಣ್ಣು ನೋಡಲು ಹೋದವರು "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎಂದು ನಮ್ಮಲ್ಲಿ ಹೇಳುವದಿಲ್ಲವೇ? ಆ "ಆದರೂ" ಎಂಬದನ್ನು ಹುಡುಗಿಯೂ ಕೇಳುತ್ತಾಳೆ.

ಈ ಶೋಧನೆಯ ಬೀಜವು ಮೇಮಿಯಮ್ಮನವರು ವಿದ್ಯಾರ್ಥಿನಿಯಾಗಿದ್ದಾಗ ಬರೆದ ಪ್ರಬಂಧದಲ್ಲಿತ್ತು. ಮೊದಲು ಅದು ಆಕೆಯ ಕೆಲಸ, ತಾನು ಹಿಂದಿನಿಂದ ಸೇರಿದವನೆಂದು ಗಂಡನೇ ಒಪ್ಪಿದರು. ಆದರೂ ಲೋಕವು ಬಹಳವಾಗಿ ಅವರ ಹೆಸರನ್ನೇ ಹೇಳಿತು. 1943ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿ ಪಡೆದ ಈಕೆಗೆ, ಕಪ್ಪು ವರ್ಣದವಳೂ ಹೆಂಗಸೂ ಆದದರಿಂದ, ವಿದ್ಯೆಗೆ ತಕ್ಕ ಕೆಲಸ ಸಿಕ್ಕುವದು ದುರ್ಲಭವಾಯಿತು. 1946ರಲ್ಲಿ ದಂಪತಿಗಳು ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಮಕ್ಕಳಿಗಾಗಿ ತಾವೇ ಒಂದು ಕೇಂದ್ರವನ್ನು ತೆರೆದರು.

ಕ್ಲಾರೆಂಡನಿನವರು 1951ರಲ್ಲಿ ಸೋತರು. ಮೂವರು ನ್ಯಾಯಾಧಿಪತಿಗಳಲ್ಲಿ ವೇರಿಂಗ್ ಎಂಬವರೊಬ್ಬರೇ ಅವರ ಪಕ್ಷವಾಗಿ ಬರೆದರು. ಇದೂ ಇಂಥಾ ಬೇರೆ ವ್ಯಾಜ್ಯಗಳೂ ಶ್ರೇಷ್ಠ ನ್ಯಾಯಸ್ಥಾನಕ್ಕೆ ಹೋಗಲಾಗಿ, 1954ನೇ ಮೇ 17ರಂದು ಒಂಬತ್ತು ಮಂದಿ ನ್ಯಾಯಾಧಿಪತಿಗಳೂ ಒಮ್ಮತದಿಂದ, ಬೇರ್ಪಡಿಸಿದ ಸರಕಾರೀ ಶಾಲೆಗಳು ಸಮವಾಗಿರಲಾರವೆಂದು ತೀರ್ಪು ಕೊಟ್ಟರು.

ಡಿಲೇನರ ಮನೆಯು 1951ರಲ್ಲಿಯೂ ಅವರ ದೇವಾಲಯವು 1955ರಲ್ಲಿಯೂ ಸುಟ್ಟುಹೋದವು. ಮನೆಯ ಮೇಲೆ ಗುಂಡು ಹಾರಿಸಿದವರಿಗೆ ಅವರೂ ಗುಂಡು ಹಾರಿಸಿದ್ದರಿಂದ ಅವರನ್ನು ಹಿಡಿಯಲು ವಾರಂಟು ಹೊರಟಿತು. ಅವರು ನ್ಯೂಯಾರ್ಕಿಗೆ ಹೋದರು. ಆ ವಾರಂಟು 2000ದಲ್ಲಿ ರದ್ದಾಯಿತು. ಆಗ ಅವರು ತೀರಿಹೋಗಿ 26 ವರುಷಗಳಾಗಿದ್ದವು.